ಮೈಕು ಮಕ್ಕಳ ಕೈಗೆ, ಮಾತು ಮಾತ್ರ ಹಿರಿಯರದು!

ಜೂನ್ 5 ಬಂತೆಂದರೆ ಮಲೆನಾಡಿನ ಪ್ರೌಢಶಾಲೆಗಳಲ್ಲಿ ಒಂದೇ ಬಗೆಯ ಸಡಗರ. ಕಳೆದ ವರ್ಷ ಗಿಡ ನೆಟ್ಟ ಗುಂಡಿಯಲ್ಲೇ ಈ ವರ್ಷದ ಗಿಡವನ್ನೂ ನೆಡಲಾಗುತ್ತದೆ. ಬಳಿಕ ಭಾಷಣ ಸ್ಪರ್ಧೆ. ವಿಷಯ, ಪರಿಸರ ಸಂರಕ್ಷಣೆಯಲ್ಲಿ ವಿದ್ಯಾರ್ಥಿಗಳ ಪಾತ್ರ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ಬಂದು, ವೇದಿಕೆಯ ಮೇಲಿನ ಗಣ್ಯರನ್ನೆಲ್ಲ ಅನುಕ್ರಮವಾಗಿ ಸಂಬೋಧಿಸಿ, ಶಿಕ್ಷಕರು ಬರೆದುಕೊಟ್ಟ ಎರಡು ಪುಟಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾಳೆ. ಓಝೋನ್ ಪದರ ಬರುತ್ತದೆ, ಧ್ರುವಪ್ರದೇಶದ ಹಿಮ ಬರುತ್ತದೆ, ಅಮೆಜಾನ್ ಕಾಡೂ ಬರುತ್ತದೆ. ಇನ್ನು ಎರಡು ವಾರ ಕಳೆದು ಮಳೆ ಹಿಡಿದರೆ ಅವಳನ್ನೇ ಶಾಲೆಗೆ ಬಾರದಂತೆ ತಡೆಯುವ ಹಳ್ಳ ಮಾತ್ರ ಆ ಭಾಷಣದಲ್ಲಿ ಬರುವುದಿಲ್ಲ. ಬಹುಮಾನಕ್ಕೆ ಒಂದು ಸ್ಟೀಲ್ ತಟ್ಟೆ. ತೀರ್ಪುಗಾರರು ಅವಳ ಉಚ್ಚಾರಣೆಯನ್ನು ಮೆಚ್ಚಿಕೊಳ್ಳುತ್ತಾರೆ.

ಅವಳ ನಿಜವಾದ ಮಾತು ಆರಂಭವಾಗುವುದು ಆಮೇಲೆ, ಗೆಳತಿಯರೊಡನೆ ಮನೆಗೆ ನಡೆಯುವ ದಾರಿಯಲ್ಲಿ. ಬಸ್ಸು ತಪ್ಪಿದರೆ ಮುಂದೆ ಪಿಯು ಕಾಲೇಜು ಹೇಗೆ ಎಂಬ ಚಿಂತೆ, ಅಪ್ಪನ ಕುಡಿತ, ಅಕ್ಕನ ಮದುವೆಗೆ ಮಾಡಿದ ಸಾಲ, ತೋಟದ ಒಡೆಯರ ಮನೆಯ ಹಿತ್ತಿಲ ಬಾಗಿಲಲ್ಲಿ ಅಮ್ಮ ನಿಂತು ಕಾಯುವ ರೀತಿ, ಎಲ್ಲವೂ ಅಲ್ಲಿ ಬರುತ್ತವೆ. ಆ ಮಾತಿಗೆ ಪೀಠಿಕೆ ಇಲ್ಲ, ಉಪಸಂಹಾರವಿಲ್ಲ. ಅದನ್ನು ಕೇಳುವ ಕಿವಿ ಶಾಲೆಗಿಲ್ಲ, ಪಂಚಾಯಿತಿಗಿಲ್ಲ. ಕಾಡು ಉಳಿಸಲು ಹೊರಟ ಸಂಘಟನೆಗಳಿಗೂ ಇಲ್ಲ ಎಂಬುದೇ ಇಲ್ಲಿನ ತಕರಾರು.

ಹದಿಹರೆಯದವರ ಇಂಥ ಮಾತಿಗೆ ಒಂದು ಗಟ್ಟಿಯಾದ ರೂಪ ಕೊಡಬಹುದೆಂದು ಮೂರು ದಶಕಗಳ ಹಿಂದೆಯೇ ತೋರಿಸಿಕೊಟ್ಟವರಿದ್ದಾರೆ. ಅದು ಧ್ವನಿಕಥೆ. ಭಾಷಣವಲ್ಲ, ನಾಟಕವಲ್ಲ, ಸಂದರ್ಶನ ಮಾತ್ರವೂ ಅಲ್ಲ. ತಮ್ಮನ್ನು ಕಾಡುವ ಒಂದು ಸಾಮಾಜಿಕ ಸಂಗತಿಯನ್ನು ಹಿಡಿದುಕೊಂಡು, ಊರಿನವರ ಮಾತು, ಮನೆಯ ಸದ್ದು, ತಮ್ಮದೇ ನಿರೂಪಣೆ ಇವನ್ನೆಲ್ಲ ಮುದ್ರಿಸಿ ಜೋಡಿಸಿ, ಹತ್ತಿಪ್ಪತ್ತು ನಿಮಿಷ ಕೇಳುವಂತೆ ಮಾಡುವ ಕೆಲಸ ಅದು. ಕಣ್ಣಿಗೆ ಏನೂ ಕಾಣಿಸದೆ ಕಿವಿಗೆ ಮಾತ್ರ ಬೀಳುವುದರಿಂದ ಹೇಳುವವರ ಉಡುಪು, ಬಣ್ಣ, ಮನೆಯ ಗೋಡೆ ಯಾವುದೂ ಮಾತಿನ ನಡುವೆ ಬಂದು ನಿಲ್ಲುವುದಿಲ್ಲ.

ಅಮೆರಿಕದ ಷಿಕಾಗೊ ನಗರದ ದಕ್ಷಿಣ ಭಾಗದಲ್ಲಿ ಐಡಾ ಬಿ. ವೆಲ್ಸ್ ಹೆಸರಿನ ಸರ್ಕಾರಿ ವಸತಿ ಸಮುಚ್ಚಯವೊಂದಿತ್ತು. ಕರಿಯರನ್ನು ಗುಂಪುಗೂಡಿ ಕೊಲ್ಲುವ ಕ್ರೌರ್ಯದ ವಿರುದ್ಧ ಹತ್ತೊಂಬತ್ತನೆಯ ಶತಮಾನದಲ್ಲೇ ಬರೆದು ಹೋರಾಡಿದ ಪತ್ರಕರ್ತೆ ಆಕೆ. ಅವರ ಹೆಸರಿಟ್ಟ ಬಡಾವಣೆಯ ಕುರಿತು ಪತ್ರಿಕೆಗಳಲ್ಲಿ ಬರುತ್ತಿದ್ದುದು ಗುಂಡಿನ ಸದ್ದು ಮತ್ತು ಮಾದಕ ವಸ್ತುಗಳ ಸುದ್ದಿ. 1993ರ ಮಾರ್ಚ್‌ನಲ್ಲಿ ಡೇವಿಡ್ ಐಸೆ ಎಂಬ ರೇಡಿಯೊ ನಿರ್ಮಾಪಕರು ಅಲ್ಲಿನ ಇಬ್ಬರು ಹುಡುಗರ ಕೈಗೆ ಧ್ವನಿಮುದ್ರಕ ಕೊಟ್ಟರು. ಲೀಆಲನ್ ಜೋನ್ಸ್‌ಗೆ ಹದಿಮೂರು ವರ್ಷ, ಲಾಯ್ಡ್ ನ್ಯೂಮನ್‌ಗೆ ಹದಿನಾಲ್ಕು. ಹತ್ತು ದಿನ ಅವರು ತಮ್ಮ ಬದುಕನ್ನು ಮುದ್ರಿಸಿಕೊಂಡರು. ಶಾಲೆಗೆ ಹೋದರು, ಮನೆಯವರನ್ನು ಮಾತನಾಡಿಸಿದರು, ಬಸ್ಸು ಹತ್ತಿ ತಮ್ಮ ಕೇರಿಯಿಂದ ಹೊರಗೆ ಹೋಗಿ ಬಂದರು. ಲಾಯ್ಡ್ ತನ್ನ ಕುಡುಕ ತಂದೆಯನ್ನೇ ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಿದ. ‘ಗೆಟೊ ಲೈಫ್ 101’ ಎಂಬ ಹೆಸರಿನಲ್ಲಿ ಅದು ಅಮೆರಿಕದ ಸಾರ್ವಜನಿಕ ರೇಡಿಯೊದಲ್ಲಿ ಪ್ರಸಾರವಾಯಿತು.

ಅದರಲ್ಲಿನ ಒಂದು ಪ್ರಸಂಗವನ್ನು ಮಲೆನಾಡಿನ ಸಂಘಟಕರು ವಿಶೇಷವಾಗಿ ಗಮನಿಸಬೇಕು. ಹುಡುಗರಿಬ್ಬರೂ ಹೆದ್ದಾರಿಯ ಮೇಲ್ಸೇತುವೆಗೆ ಹೋಗಿ ಕೆಳಗೆ ಓಡುವ ಕಾರುಗಳ ಮೇಲೆ ಕಲ್ಲೆಸೆಯುತ್ತಾರೆ. ಇದು ತಪ್ಪೇ, ಅಪಾಯದ್ದೂ ಹೌದು. ಬಡತನದ ವಿರುದ್ಧ ಅನುಕಂಪ ಹುಟ್ಟಿಸಲು ಹೊರಟ ಯಾವ ಸಂಸ್ಥೆಯೂ ಇಂಥದ್ದನ್ನು ಉಳಿಸಿಕೊಳ್ಳುತ್ತಿರಲಿಲ್ಲ. ಮಕ್ಕಳ ಹೆಸರು ಕೆಡುತ್ತದೆ, ದಾನಿಗಳಿಗೆ ಬೇಸರವಾಗುತ್ತದೆ ಎಂದು ಕತ್ತರಿ ಹಾಕುತ್ತಿತ್ತು. ಅಲ್ಲಿ ಅದು ಉಳಿದುಕೊಂಡಿತು. ಉಳಿದುಕೊಂಡದ್ದರಿಂದಲೇ ಕೇಳುಗರಿಗೆ ಉಳಿದ ಮಾತುಗಳ ಮೇಲೆಯೂ ನಂಬಿಕೆ ಬಂತು. ಪೂರ್ತಿ ಒಳ್ಳೆಯವನಾದ ಬಡ ಹುಡುಗ ಎಲ್ಲಿದ್ದಾನೆ? ಅವನು ಇರುವುದು ಕರಪತ್ರಗಳಲ್ಲಿ ಮಾತ್ರ.

1994ರ ಅಕ್ಟೋಬರ್‌ನಲ್ಲಿ ಅದೇ ಸಮುಚ್ಚಯದಲ್ಲಿ ಐದು ವರ್ಷದ ಮಗುವೊಂದನ್ನು ಹತ್ತು ಮತ್ತು ಹನ್ನೊಂದು ವರ್ಷದ ಇಬ್ಬರು ಬಾಲಕರು ಹದಿನಾಲ್ಕನೆಯ ಮಹಡಿಯ ಕಿಟಕಿಯಿಂದ ಕೆಳಕ್ಕೆ ನೂಕಿ ಕೊಂದರು. ಅವರಿಗಾಗಿ ಸಿಹಿತಿಂಡಿ ಕದ್ದು ತರಲು ಆ ಮಗು ಒಪ್ಪಲಿಲ್ಲವಂತೆ. ಇಡೀ ದೇಶ ಬೆಚ್ಚಿಬಿತ್ತು. ಹತ್ತು ವರ್ಷದ ಮಕ್ಕಳನ್ನೂ ಸೆರೆಯಲ್ಲಿಡಲು ಅನುವಾಗುವಂತೆ ಇಲಿನಾಯ್ ರಾಜ್ಯ ತನ್ನ ಕಾನೂನನ್ನೇ ತಿದ್ದಿತು. ಲೀಆಲನ್ ಮತ್ತು ಲಾಯ್ಡ್ ಮತ್ತೆ ಧ್ವನಿಮುದ್ರಕ ಹಿಡಿದರು. ಯಾರು ಕೊಂದರು ಎಂಬುದು ಎಲ್ಲರಿಗೂ ಗೊತ್ತಿತ್ತು. ಅವರಿಗೆ ಬೇಕಾಗಿದ್ದುದು ಇಂಥದ್ದು ನಡೆಯುವ ಕಟ್ಟಡದಲ್ಲಿ ಮಕ್ಕಳು ಹೇಗೆ ಬೆಳೆಯುತ್ತಾರೆ ಎಂಬುದು. ಆ ಪ್ರಶ್ನೆಯನ್ನು ಕೇಳಲು ಅದೇ ಮೆಟ್ಟಿಲು ಹತ್ತಿ ಇಳಿದವರಿಗೆ ಮಾತ್ರ ಅಧಿಕಾರವಿತ್ತು. 1996ರಲ್ಲಿ ಪ್ರಸಾರವಾದ ಆ ಕಥನಕ್ಕೆ ಅಮೆರಿಕದ ಪ್ರತಿಷ್ಠಿತ ಪೀಬಡಿ ಪ್ರಶಸ್ತಿ ಬಂತು. ಅದೇ ವರ್ಷ ಜೋ ರಿಚ್‌ಮನ್ ಎಂಬವರು ಬೇರೆ ಬೇರೆ ಊರುಗಳ ಹದಿಹರೆಯದವರಿಗೆ ಧ್ವನಿಮುದ್ರಕ ಕೊಟ್ಟು ತಿಂಗಳುಗಟ್ಟಲೆ ದಿನಚರಿ ಮುದ್ರಿಸಲು ಬಿಟ್ಟರು. ಕ್ಯಾಲಿಫೋರ್ನಿಯಾದ ‘ಯೂತ್ ರೇಡಿಯೊ’, ನ್ಯೂಯಾರ್ಕಿನ ‘ರೇಡಿಯೊ ರೂಕೀಸ್’ ಕೂಡ ತೊಂಬತ್ತರ ದಶಕದಲ್ಲೇ ಹುಟ್ಟಿದವು.

ಇದರಿಂದ ಷಿಕಾಗೊದಲ್ಲಿ ಎಲ್ಲವೂ ಸರಿಹೋಯಿತೆಂದು ಯಾರೂ ಭ್ರಮಿಸಬೇಕಿಲ್ಲ. ಐಡಾ ಬಿ. ವೆಲ್ಸ್ ಸಮುಚ್ಚಯವನ್ನು 2002ರಿಂದ 2011ರ ಅವಧಿಯಲ್ಲಿ ಹಂತಹಂತವಾಗಿ ಕೆಡವಲಾಯಿತು. ಅಲ್ಲಿದ್ದವರು ಚದುರಿಹೋದರು. ಅಭಿವೃದ್ಧಿಯ ಹೆಸರಿನ ಒಕ್ಕಲೆಬ್ಬಿಸುವಿಕೆ ಶರಾವತಿ, ಕಾಳಿ ಕಣಿವೆಗಳಿಗೆ ಸೀಮಿತವಾದುದೇನಲ್ಲ. ಲೀಆಲನ್ ಜೋನ್ಸ್ 2010ರಲ್ಲಿ ಅಮೆರಿಕದ ಸೆನೆಟ್‌ಗೆ ಇಲಿನಾಯ್‌ನಿಂದ ಗ್ರೀನ್ ಪಾರ್ಟಿಯ ಅಭ್ಯರ್ಥಿಯಾಗಿ ಸ್ಪರ್ಧಿಸಿ ಶೇಕಡಾ ಮೂರರಷ್ಟು ಮತ ಪಡೆದು ಸೋತರು. ಲಾಯ್ಡ್ ನ್ಯೂಮನ್ 2022ರಲ್ಲಿ, ಇನ್ನೂ ನಲವತ್ಮೂರರ ವಯಸ್ಸಿನಲ್ಲಿ, ತೀರಿಕೊಂಡರು. ಧ್ವನಿಕಥೆ ಮಂತ್ರದಂಡವಲ್ಲ. ಆದರೆ ಆ ಕಟ್ಟಡಗಳೊಳಗೆ ಮಕ್ಕಳು ಹೇಗೆ ಬದುಕಿದರು ಎಂಬುದಕ್ಕೆ ಇಂದು ಉಳಿದಿರುವ ಸಾಕ್ಷ್ಯಗಳಲ್ಲಿ ಆ ಎರಡು ಮುದ್ರಿಕೆಗಳು ಮುಖ್ಯವಾದವು. ಕಟ್ಟಡ ಹೋಯಿತು, ಮಾತು ಉಳಿಯಿತು.

ಕತ್ತರಿ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆ ಅಲ್ಲಿಯೂ ಇತ್ತು, ಇರಲೇಬೇಕು. ಹುಡುಗರು ಮುದ್ರಿಸಿದ ಹತ್ತು ದಿನಗಳನ್ನು ಅರ್ಧ ಗಂಟೆಗೆ ಇಳಿಸುವಾಗ ಹೊರಗಿನಿಂದ ಬಂದ ವಯಸ್ಕ ಬಿಳಿಯರೊಬ್ಬರ ಕೈ ಆಡಿತ್ತು. ಏನನ್ನು ಬಿಡಬೇಕು ಎಂದು ನಿರ್ಧರಿಸುವವನೇ ಕೊನೆಗೆ ಕಥೆಯ ಒಡೆಯನಾಗುತ್ತಾನೆ. ಮಲೆನಾಡಿನಲ್ಲಿ ಈ ಕೆಲಸಕ್ಕೆ ಕೈಹಾಕುವವರು ಮೊದಲ ದಿನವೇ ಇತ್ಯರ್ಥ ಮಾಡಿಕೊಳ್ಳಬೇಕಾದ ಸಂಗತಿ ಇದು.

ಷಿಕಾಗೊ ಎಲ್ಲಿ, ಘಟ್ಟದ ಕೊಂಪೆ ಎಲ್ಲಿ ಎಂದು ಹುಬ್ಬೇರಿಸುವವರು ಇದ್ದೇ ಇದ್ದಾರೆ. ಇಲ್ಲಿನ ಮಕ್ಕಳು ಸಂಕೋಚದವರು, ಬರೆದುಕೊಡದಿದ್ದರೆ ಬಾಯಿ ಬಿಡುವುದಿಲ್ಲ ಎಂಬುದು ಶಿಕ್ಷಕರ ಸಾಮಾನ್ಯ ಮಾತು. ಅಂಥವರು ಒಂದು ಮಳೆಗಾಲದ ರಾತ್ರಿ ತಾಳಮದ್ದಳೆಗೆ ಹೋಗಿ ಕೂರುವುದು ಒಳ್ಳೆಯದು. ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳವಿಲ್ಲ. ಭಾಗವತರ ಪದ್ಯ, ಮದ್ದಳೆಯ ನಾದ, ಅರ್ಥಧಾರಿಗಳ ಮಾತು, ಇಷ್ಟೇ. ಇಡೀ ಕುರುಕ್ಷೇತ್ರವನ್ನು ಕಿವಿಯಿಂದಲೇ ಕಾಣುವ ಜನ ಇವರು! ಅರ್ಥಧಾರಿಗೆ ಸಿಗುವುದು ಪ್ರಸಂಗ ಮತ್ತು ಪದ್ಯ ಮಾತ್ರ. ಮಾತು ಅವನದೇ, ಅಂದಂದಿಗೆ ಹುಟ್ಟಿದ್ದು. ಅರ್ಥವನ್ನು ಬರೆದುಕೊಟ್ಟು ಬಾಯಿಪಾಠ ಮಾಡಿಸಿದ ತಾಳಮದ್ದಳೆಯನ್ನು ಯಾವ ಊರಿನವರೂ ಕೊನೆಯವರೆಗೆ ಕುಳಿತು ಕೇಳಲಾರರು. ಆದರೂ ಅದೇ ಊರಿನವರು ತಮ್ಮ ಮಕ್ಕಳ ಬಾಯಿಗೆ ಮಾತ್ರ ಬರೆದುಕೊಟ್ಟ ಅರ್ಥವನ್ನೇ ತುರುಕುತ್ತಾರೆ. ಮಕ್ಕಳಿಗೆ ಬಾಯಿಲ್ಲವೆಂಬುದು ಸುಳ್ಳು. ಅವರಿಗೆ ಮಾತು ಸ್ವಂತದ್ದಾಗಿರಬಹುದು ಎಂದು ಯಾರೂ ಹೇಳಿಕೊಟ್ಟಿಲ್ಲ.

ಬರೆದುಕೊಡುವಾಗ ಮೊದಲು ಸಾಯುವುದು ನುಡಿ. ಹವ್ಯಕರ ಮನೆಯ ಮಾತು, ದೀವರ ಕೇರಿಯ ಮಾತು, ಹಾಲಕ್ಕಿಗಳ ಕನ್ನಡ, ಕುಣಬಿ ಹಾಗೂ ಸಿದ್ದಿಗಳ ಕೊಂಕಣಿ, ಸುಳ್ಯ–ಮಡಿಕೇರಿಯ ಅರೆಭಾಷೆ, ಘಟ್ಟದ ಕೆಳಗಿನ ತುಳು ಎಲ್ಲವೂ ಶಾಲೆಯ ಗೇಟಿನ ಹೊರಗೆ ಚಪ್ಪಲಿಯಂತೆ ಬಿಡಬೇಕಾದವು. ಶಿಷ್ಟ ಕನ್ನಡದಲ್ಲಿ ಅಳು ಬಾರದ ಹುಡುಗಿಗೆ ಶಿಷ್ಟ ಕನ್ನಡದಲ್ಲಿ ಕಥೆಯೂ ಬಾರದು. ಧ್ವನಿಯ ಬಲವೇ ಇದು: ಲಿಪಿಯ, ಕಾಗುಣಿತದ ತಂಟೆ ಇಲ್ಲದೆ ಮಾತು ಹುಟ್ಟಿದ ಹಾಗೆಯೇ ಉಳಿಯುತ್ತದೆ.

ಮಲೆನಾಡಿನಲ್ಲಿ ಕಥೆಗೆ ಬರವೇ? ಕಾಲುಸಂಕ ಒಂದನ್ನೇ ತೆಗೆದುಕೊಂಡರೂ ಸಾಕು. ಅಡಿಕೆ ದಬ್ಬೆಯನ್ನೋ ಮರದ ದಿಮ್ಮಿಯನ್ನೋ ಹಳ್ಳಕ್ಕೆ ಅಡ್ಡ ಹಾಕಿ, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿದರೆ ಅದು ಸೇತುವೆ. 2022ರ ಮಳೆಗಾಲದಲ್ಲಿ ಬೈಂದೂರು ಕಡೆಯಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಬಿದ್ದು ಕೊಚ್ಚಿಹೋದಳು. ಆಮೇಲೆ ಅಧಿಕಾರಿಗಳ ಭೇಟಿ, ಪಟ್ಟಿ, ಅಂದಾಜುಪಟ್ಟಿ. ಎಷ್ಟು ಕಾಲುಸಂಕಗಳಿವೆ ಎಂಬ ಲೆಕ್ಕ ಸರ್ಕಾರಕ್ಕೆ ಬೇಕು, ಸರಿಯೇ. ಆದರೆ ಜಾರುವ ದಿಮ್ಮಿಯ ಮೇಲೆ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡಂತೆ ಹಿಡಿದು ದಾಟಿಸುವ ಹದಿನಾಲ್ಕರ ಅಕ್ಕ, ನೀರಿನ ಬಣ್ಣ ನೋಡಿ ಮೇಲೆ ಗುಡ್ಡದಲ್ಲಿ ಎಷ್ಟು ಮಳೆಯಾಗಿದೆ ಎಂದು ಹೇಗೆ ಅಳೆಯುತ್ತಾಳೆ, ದಾಟಬಾರದೆಂದು ಯಾವಾಗ ತೀರ್ಮಾನಿಸುತ್ತಾಳೆ, ಆ ದಿನ ಹಾಜರಿ ಪುಸ್ತಕದಲ್ಲಿ ಏನೆಂದು ಬರೆಯುತ್ತಾರೆ ಎಂಬುದು ಯಾವ ಅಂದಾಜುಪಟ್ಟಿಯಲ್ಲೂ ಸಿಗದು. ಹಳ್ಳದ ಮೊರೆತದ ನಡುವೆ ಅವಳದೇ ದನಿಯಲ್ಲಿ ಹತ್ತು ನಿಮಿಷ ಕೇಳಿದ ಇಂಜಿನಿಯರಿಗೆ ‘ಅನುದಾನ ಲಭ್ಯವಿಲ್ಲ’ ಎಂಬ ಷರಾ ಬರೆಯುವಾಗ ಕೈ ಸ್ವಲ್ಪವಾದರೂ ತಡವರಿಸೀತು.

ಮಂಗನ ಕಾಯಿಲೆಯ ವಿಷಯವೂ ಹಾಗೆಯೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ, 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗದಲ್ಲಿ ಮತ್ತೆ ಹಲವರ ಜೀವ ತೆಗೆಯಿತು. ಉಣುಗು ಕಚ್ಚುವುದು ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋದವರನ್ನು, ವಿಚಾರಸಂಕಿರಣಕ್ಕೆ ಬಂದವರನ್ನಲ್ಲ. ಬೇಸಿಗೆ ರಜೆಯಲ್ಲಿ ಅಮ್ಮನ ಜೊತೆ ದರಗಿಗೆ ಹೋಗುವ ಹುಡುಗ ಮೈಗೆ ಎಣ್ಣೆ ಹಚ್ಚಿಕೊಳ್ಳುತ್ತಾ, ಸತ್ತ ಮಂಗ ಕಂಡರೆ ಯಾರಿಗೆ ಹೇಳಬೇಕೆಂದು ಯೋಚಿಸುತ್ತಾ ಇರುತ್ತಾನೆ. ಅವನ ಬಾಯಲ್ಲಿ ಕಾಡು ದೇವರೂ ಹೌದು, ಭಯವೂ ಹೌದು. ಈ ಎರಡನ್ನೂ ಒಟ್ಟಿಗೆ ಹೇಳುವ ಒಂದು ವಾಕ್ಯ ಪರಿಸರ ಚಳವಳಿಯ ಕರಪತ್ರಗಳಲ್ಲಿ ಎಷ್ಟು ಸಲ ಬಂದಿದೆ?

ಶರಾವತಿಯ ಹಿನ್ನೀರಿನ ಆಚೆಯ ಮಕ್ಕಳನ್ನೂ ನೆನೆಯಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದ ಬಳಿಕ ತುಮರಿ ಸೀಮೆಯವರು ದೋಣಿ, ಲಾಂಚ್‌ಗಳನ್ನು ಕಾಯುತ್ತಲೇ ಎರಡು ತಲೆಮಾರು ಕಳೆದರು. ನಾಡಿಗೆಲ್ಲ ಬೆಳಕು ಕೊಟ್ಟವರಲ್ಲಿ ಅನೇಕರಿಗೆ ತಾವು ಉಳುವ ಭೂಮಿಯ ಹಕ್ಕುಪತ್ರದ ಚಿಂತೆ ಇಂದಿಗೂ ಮುಗಿದಿಲ್ಲ. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆಯಿತು. ಲಾಂಚ್ ಕಾಯುತ್ತಾ ದಡದಲ್ಲಿ ಕುಳಿತು ಬೆಳೆದ ಕೊನೆಯ ಮಕ್ಕಳು ಇಂದು ಹೈಸ್ಕೂಲು, ಪಿಯು ತರಗತಿಗಳಲ್ಲಿದ್ದಾರೆ. ಲಾಂಚಿನ ಇಂಜಿನ್ನಿನ ಸದ್ದು, ಕೊನೆಯ ಲಾಂಚ್ ತಪ್ಪಿದ ರಾತ್ರಿಯ ಅನುಭವ, ಹೆರಿಗೆ ನೋವಿನಲ್ಲಿ ದಡದಲ್ಲಿ ಕಾದ ಅಜ್ಜಿಯ ನೆನಪು ಇವನ್ನೆಲ್ಲ ಮುದ್ರಿಸಿಕೊಳ್ಳಬೇಕಾದವರು ಅವರೇ, ಮುದ್ರಿಸಿಕೊಳ್ಳಬೇಕಾದ ಕಾಲ ಇದೇ. ಸೇತುವೆ ಬಂದ ಮೇಲೆ ಹೊರಗಿನವರ ಕಾರುಗಳು, ಹೋಂಸ್ಟೇಗಳು, ಜಾಗದ ಬೆಲೆ ಏನಾಗುತ್ತಿವೆ ಎಂಬುದೂ ಅದೇ ಕಥೆಯ ಮುಂದಿನ ಭಾಗ.

ಇಲ್ಲಿಯವರೆಗೆ ಹೇಳಿದ ಕಥೆಗಳನ್ನು ಪರಿಸರ ಸಂಘಟನೆಗಳು ಸಂತೋಷದಿಂದಲೇ ಕೇಳಿಯಾವು, ಏಕೆಂದರೆ ಇವುಗಳಲ್ಲಿ ತಪ್ಪಿತಸ್ಥ ಸರ್ಕಾರ. ಕಷ್ಟ ಬರುವುದು ಮುಂದೆ.

ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಡುವ ವ್ಯವಸ್ಥೆ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ತೋಟವಿದ್ದವರಿಗೆ ಬೆಟ್ಟ, ತೋಟವಿಲ್ಲದವರಿಗೆ ಬೆಟ್ಟವೂ ಇಲ್ಲ. ಬೆಟ್ಟ ಉಳಿಸಿ ಎಂಬ ಸಭೆಗೆ ಕುರ್ಚಿ ಹಾಕಲು ಬಂದ ಕೂಲಿಯವರ ಮಗಳು, ಒಂದು ಹೊರೆ ಸೌದೆಗಾಗಿ ತನ್ನ ಅಮ್ಮ ಅದೇ ಬೆಟ್ಟದಲ್ಲಿ ಕೇಳಿಸಿಕೊಂಡ ಬೈಗುಳವನ್ನು ಧ್ವನಿಕಥೆಯಾಗಿಸಿದರೆ? ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನ ಮಗ, ಬಿದ್ದು ಸೊಂಟ ಮುರಿದುಕೊಂಡ ಅಪ್ಪನಿಗೆ ತೋಟದವರು ಎಷ್ಟು ದಿನ ಅನ್ನ ಕೊಟ್ಟರು ಎಂದು ಲೆಕ್ಕ ಹೇಳಿದರೆ? ತೋಟದ ಮನೆಯ ಹುಡುಗನೇ ಮುಂದೆ ಬಂದು, ತನಗೆ ಈ ತೋಟವೂ ಬೇಡ, ಊರೂ ಬೇಡ, ಅಪ್ಪ ಕಾಡಿನ ಬಗ್ಗೆ ಸಭೆಯಲ್ಲಿ ಮಾತನಾಡುವಾಗ ತನಗೆ ಬೆಂಗಳೂರಿನ ಬಸ್ಸಿನ ನೆನಪಾಗುತ್ತದೆ ಎಂದರೆ? ಮೊಬೈಲ್ ಟವರ್ ಬೇಕು, ಅದಕ್ಕೆ ನಾಲ್ಕು ಮರ ಹೋದರೂ ಸರಿ ಎಂದು ಹುಡುಗಿಯೊಬ್ಬಳು ಹೇಳಿದರೆ? ರಾತ್ರಿ ಹೊತ್ತು ಅಜ್ಜನಿಗೆ ಎದೆನೋವು ಬಂದಾಗ ಆಂಬುಲೆನ್ಸ್ ಕರೆಯಲು ಗುಡ್ಡ ಹತ್ತಿದವಳು ಅವಳು. ಅವಳಿಗೆ ಪರಿಸರ ಪ್ರಜ್ಞೆ ಇಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ಇಂಥ ಕಥೆ ಬಂದಾಗ ಸಂಘಟಕರು ಮಾಡುವುದೇನು? ‘ಇದು ಈ ಕಾರ್ಯಕ್ರಮದ ಚೌಕಟ್ಟಿಗೆ ಹೊಂದುವುದಿಲ್ಲ’ ಎನ್ನುತ್ತಾರೆ. ವಿರೋಧಿಗಳ ಕೈಗೆ ಅಸ್ತ್ರ ಕೊಟ್ಟಂತಾಗುತ್ತದೆ ಎನ್ನುತ್ತಾರೆ. ಅಥವಾ ಹುಡುಗಿಯನ್ನು ಪ್ರೀತಿಯಿಂದಲೇ ಪಕ್ಕಕ್ಕೆ ಕರೆದು ‘ಕೊನೆಯಲ್ಲಿ ಒಂದು ಮಾತು ಕಾಡು ಉಳಿಸಬೇಕು ಎಂದು ಸೇರಿಸಿಬಿಡು ಮಗಾ’ ಎನ್ನುತ್ತಾರೆ. ಆ ಒಂದು ಮಾತಿನಲ್ಲೇ ಕಥೆ ಸತ್ತಿತು. ಮೈಕನ್ನು ಮಕ್ಕಳ ಕೈಗೆ ಕೊಟ್ಟು ಮಾತನ್ನು ತಮ್ಮ ಜೇಬಿನಲ್ಲಿಟ್ಟುಕೊಂಡವರು ಏನನ್ನೂ ಕೊಟ್ಟಂತಾಗಲಿಲ್ಲ. ಸರ್ಕಾರದ ಇಲಾಖೆಗಳು ಜನಾಭಿಪ್ರಾಯ ಸಂಗ್ರಹದ ಹೆಸರಿನಲ್ಲಿ ಮಾಡುವುದನ್ನು ಅಣೆಕಟ್ಟೆಗಳ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಕಂಡು ಕೆರಳಿದವರು, ಅದನ್ನೇ ಮಕ್ಕಳ ಮೇಲೆ ಪ್ರಯೋಗಿಸುವುದು ವಿಪರ್ಯಾಸ.

1983ರ ಸೆಪ್ಟೆಂಬರ್‌ನಲ್ಲಿ ಸಿರ್ಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಮರಗಳನ್ನು ಅಪ್ಪಿಕೊಂಡವರಲ್ಲಿ ಊರಿನ ಯುವಕರೇ ಮುಂದಿದ್ದರು. ಅವರಿಗೆ ಯಾರೂ ಭಾಷಣ ಬರೆದುಕೊಟ್ಟಿರಲಿಲ್ಲ. ಅಂದಿನ ಯುವಕರು ಇಂದು ಹಿರಿಯರಾಗಿ ವೇದಿಕೆ ಏರಿದ್ದಾರೆ; ವೇದಿಕೆಯ ಕೆಳಗೆ ಕೂತ ಹದಿನೈದರ ಹುಡುಗರಿಗೆ ಚಪ್ಪಾಳೆಯ ಪಾತ್ರ ಮಾತ್ರ ಉಳಿದಿದೆ. ಹೋರಾಟಕ್ಕೆ ಯುವಜನರು ಬರುತ್ತಿಲ್ಲ ಎಂದು ಪ್ರತಿ ಸಭೆಯ ಕೊನೆಗೂ ನಿಟ್ಟುಸಿರು ಬಿಡುವವರು, ಬಂದವರಿಗೆ ಏನು ಕೆಲಸ ಕೊಟ್ಟೆವೆಂದು ಒಮ್ಮೆ ಲೆಕ್ಕ ಹಾಕಲಿ.

ಪ್ರಭುತ್ವದ ಕಿವುಡುತನವಂತೂ ಹಳೆಯದು. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ಕೇಂದ್ರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದುದು ಅಲ್ಲಿಂದ. ಸ್ವತಂತ್ರ ಭಾರತದಲ್ಲಿ ಅಂಥ ಸಾಹಸಕ್ಕೆ ಜಾಗವೇ ಇರಲಿಲ್ಲ. ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದ ಮೇಲೂ ಸರ್ಕಾರ ಹಿಂದೆಮುಂದೆ ನೋಡಿತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹಳ್ಳಿಗರು, ಅದರಲ್ಲೂ ಸಂಘದ ಹೆಂಗಸರು, ‘ನಮ್ಮ ಧ್ವನಿ’ಯ ಕಾರ್ಯಕ್ರಮ ತಯಾರಿಸಿ ಪ್ರಸಾರಕ್ಕೆ ಪರವಾನಗಿ ಸಿಗದೆ 2003ರಲ್ಲಿ ಕೇಬಲ್ ತಂತಿಯ ಮೂಲಕ ಮನೆಮನೆಗೆ ಕೇಳಿಸಬೇಕಾಯಿತು. ಸಮುದಾಯ ರೇಡಿಯೊಗೆ ಸಂಘ ಸಂಸ್ಥೆಗಳೂ ಅರ್ಜಿ ಹಾಕಬಹುದೆಂಬ ನೀತಿ ಬಂದುದು 2006ರಲ್ಲಿ. ಅದರಲ್ಲೂ ಸ್ವಂತ ಸುದ್ದಿ, ಪ್ರಚಲಿತ ವಿದ್ಯಮಾನಗಳಿಗೆ ನಿಷೇಧ! ಹಳ್ಳದಲ್ಲಿ ಮಗು ಕೊಚ್ಚಿಹೋದದ್ದು ಸುದ್ದಿಯೋ ಕಥೆಯೋ? ನೂರು ವಾಟ್‌ನ ಪ್ರೇಷಕಕ್ಕೆ ಮಲೆನಾಡಿನಲ್ಲಿ ಒಂದು ಗುಡ್ಡ ಅಡ್ಡ ಬಂದರೂ ಆಚೆ ಮಗ್ಗುಲಿನ ಮನೆಗಳಿಗೆ ಕೇಳಿಸದು ಎಂಬುದು ಬೇರೆ ಮಾತು.

ಅದೃಷ್ಟವಶಾತ್ ಧ್ವನಿಕಥೆ ಪ್ರೇಷಕಕ್ಕೆ ಕಾಯಬೇಕಾಗಿಲ್ಲ. ಮನೆಯಲ್ಲಿರುವ ಮೊಬೈಲೇ ಧ್ವನಿಮುದ್ರಕ. ನೆಟ್‌ವರ್ಕ್ ಇಲ್ಲದ ಊರಿನಲ್ಲೂ ಅದು ಮುದ್ರಿಸಿಕೊಳ್ಳುತ್ತದೆ. ಒಂದು ಫೋನಿನಿಂದ ಇನ್ನೊಂದಕ್ಕೆ ದಾಟಿಸಬಹುದು, ಮೆಮೊರಿ ಕಾರ್ಡಿನಲ್ಲಿ ಕಳಿಸಬಹುದು. ಊರಿನ ಸಭಾಭವನದೊಳಗೆ ಅದನ್ನು ಕೇಳಿಸಲು ದೆಹಲಿಯ ಪ್ರಸಾರ ಪರವಾನಗಿ ಬೇಕಿಲ್ಲ. ಫೋನನ್ನು ಬಾಯಿಂದ ಒಂದು ಗೇಣು ದೂರ, ಗಲ್ಲದ ಕೆಳಗೆ ಹಿಡಿದರೆ ಉಸಿರು ಬಡಿಯದು. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಮಾತು ಮುದ್ರಿಸಬಾರದು, ಮಳೆಯನ್ನೇ ಬೇರೆಯಾಗಿ ಮುದ್ರಿಸಿಟ್ಟುಕೊಳ್ಳಬೇಕು. ಹೌದು–ಇಲ್ಲ ಎಂಬ ಉತ್ತರ ಬರುವ ಪ್ರಶ್ನೆ ಬೇಡ. ‘ಆ ದಿನ ಏನಾಯಿತು ಅಜ್ಜಿ?’ ಎಂದು ಕೇಳಿ ಸುಮ್ಮನಿರಬೇಕು. ಆ ಸುಮ್ಮನಿರುವುದೇ ಕಲಿಯಲು ಕಠಿಣ. ಅಜ್ಜಿ ಮಾತು ನಿಲ್ಲಿಸಿದ ಕಡೆ ತೂರಿಕೊಳ್ಳದೆ ಹತ್ತೆಣಿಸಿದರೆ, ಹನ್ನೊಂದಕ್ಕೆ ನಿಜವಾದ ಮಾತು ಬರುತ್ತದೆ.

ಹೆತ್ತವರ ಆಕ್ಷೇಪಗಳಲ್ಲಿ ಕೆಲವು ಹುರುಳಿಲ್ಲದವು. ಎಸ್ಸೆಸ್ಸೆಲ್ಸಿ ಅಂಕ ಕಡಿಮೆಯಾಗುತ್ತದೆ ಎಂಬುದು ಅಂಥದ್ದು. ವಾರಕ್ಕೆರಡು ಗಂಟೆ ಊರಿನ ಹಿರಿಯರನ್ನು ಪ್ರಶ್ನೆ ಕೇಳಿ, ಉತ್ತರವನ್ನು ಅಳೆದು ತೂಗಿ ಜೋಡಿಸುವ ಮಗುವಿಗೆ ಸಮಾಜ ವಿಜ್ಞಾನ ಕಬ್ಬಿಣದ ಕಡಲೆಯಾಗುವುದು ಹೇಗೆ? ಮೊಬೈಲ್ ಹಾಳುಮಾಡುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ. ಆದರೆ ಇನ್ನೊಬ್ಬರ ಕುಣಿತವನ್ನು ಬೆರಳಿನಿಂದ ಸರಿಸುತ್ತಾ ಕೂರುವುದಕ್ಕೂ ತನ್ನ ಊರಿನ ಮಾತನ್ನು ತಾನೇ ಮುದ್ರಿಸುವುದಕ್ಕೂ ವ್ಯತ್ಯಾಸವಿದೆ.

ಇನ್ನೊಂದು ಆಕ್ಷೇಪವನ್ನು ಮಾತ್ರ ತಲೆಬಾಗಿ ಕೇಳಬೇಕು. ಸಣ್ಣ ಊರಿನಲ್ಲಿ ದನಿಯೇ ಗುರುತು. ಹೆಸರು ಹೇಳದಿದ್ದರೂ ‘ಇದು ಇಂಥವರ ಮಗಳು’ ಎಂದು ಮೊದಲ ವಾಕ್ಯಕ್ಕೇ ತಿಳಿಯುತ್ತದೆ. ಮನೆಯ ಗುಟ್ಟು ಹೇಳಿದ ಹುಡುಗಿ ಆ ರಾತ್ರಿ ಅದೇ ಮನೆಗೆ ಹೋಗಿ ಮಲಗಬೇಕು. ಆದ್ದರಿಂದ ಮುದ್ರಿಸಿದ್ದೆಲ್ಲವೂ ಕೇಳಿಸಲಿಕ್ಕಲ್ಲ. ಏನನ್ನು ಹೊರಗೆ ಬಿಡಬೇಕು, ಏನನ್ನು ಅಳಿಸಬೇಕು ಎಂಬ ಕೊನೆಯ ತೀರ್ಮಾನ ಹೇಳಿದ ಮಗುವಿನದಾಗಿರಬೇಕು. ಒಮ್ಮೆ ಒಪ್ಪಿದವಳು ಮರುದಿನ ಬೇಡವೆಂದರೆ ಬೇಡ. ಕಾರ್ಯಕ್ರಮದ ಆಮಂತ್ರಣ ಪತ್ರಿಕೆ ಅಚ್ಚಾಗಿದೆ ಎಂಬುದು ಕಾರಣವಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತನ್ನು ಯಾವುದೇ ಮಾಧ್ಯಮದಲ್ಲಿ ಬಯಲು ಮಾಡುವುದನ್ನು 2012ರ ಪೋಕ್ಸೊ ಕಾಯ್ದೆ ನಿಷೇಧಿಸುತ್ತದೆ. ಆರೈಕೆ, ರಕ್ಷಣೆ ಬೇಕಾದ ಹಾಗೂ ಕಾನೂನಿನ ಸಂಘರ್ಷಕ್ಕೆ ಸಿಲುಕಿದ ಮಕ್ಕಳ ವಿಷಯದಲ್ಲಿ 2015ರ ಬಾಲನ್ಯಾಯ ಕಾಯ್ದೆಯೂ ಹಾಗೆಯೇ ಹೇಳುತ್ತದೆ. ಅಂಥ ಮಾತು ಹೊರಬಂದರೆ ಮೊದಲು ಬೇಕಾದುದು ನೆರವು, 1098ಕ್ಕೆ ಕರೆ, ಕಥೆಯಲ್ಲ. ಮಕ್ಕಳ ಕಣ್ಣೀರನ್ನು ಸಭೆಯ ಮುಂದೆ ಪ್ರದರ್ಶಿಸಿ ತಮ್ಮ ವಾದಕ್ಕೆ ಬಲ ತಂದುಕೊಳ್ಳುವವರಿಗಿಂತ ಭಾಷಣ ಬರೆದುಕೊಡುವ ಮೇಷ್ಟ್ರೇ ಮೇಲು.

ಇಷ್ಟಾದ ಮೇಲೆ ಕೇಳುವ ಜಾಗ ಯಾವುದು? ಅದನ್ನು ಹೊಸದಾಗಿ ಕಟ್ಟಬೇಕಿಲ್ಲ. ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಕರ್ನಾಟಕ ಸರ್ಕಾರ 2006ರಲ್ಲೇ ಆದೇಶಿಸಿದೆ. ಭಾರತ 1992ರಲ್ಲಿ ಒಪ್ಪಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ, ತಮಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿ ಮಕ್ಕಳ ಅಭಿಪ್ರಾಯಕ್ಕೆ ತೂಕ ಸಿಗಬೇಕೆನ್ನು‌ತ್ತದೆ. ಆದರೆ ಅನೇಕ ಊರುಗಳ ಮಕ್ಕಳ ಗ್ರಾಮಸಭೆ ಎಂದರೆ ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಮಕ್ಕಳೇ ದೇಶದ ಭವಿಷ್ಯ ಎಂಬ ಅಧ್ಯಕ್ಷರ ಮಾತು, ಇಲಾಖೆಗಳ ಮಾಹಿತಿ, ಕೊನೆಗೆ ಹದಿನೈದು ನಿಮಿಷ ಮಕ್ಕಳ ಪ್ರಶ್ನೆ. ‘ಪರಿಶೀಲಿಸಲಾಗುವುದು’ ಎಂಬ ಉತ್ತರ, ವಂದನಾರ್ಪಣೆ, ಬಿಸ್ಕತ್ತು.

ಈ ಕ್ರಮವನ್ನು ತಿರುವಿಹಾಕಬೇಕು. ಮಕ್ಕಳ ಗ್ರಾಮಸಭೆಗಳು ಸಾಮಾನ್ಯವಾಗಿ ವರ್ಷದ ಕೊನೆಯಲ್ಲಿ ನಡೆಯುತ್ತವೆ. ಶಾಲೆ ತೆರೆದ ಜೂನ್‌ನಿಂದ ಅಲ್ಲಿಯವರೆಗೆ ಒಂದು ಮಳೆಗಾಲ ಪೂರ್ತಿ ಸಿಗುತ್ತದೆ. ಒಂದು ಪಂಚಾಯಿತಿಯ ವ್ಯಾಪ್ತಿಯಲ್ಲಿ ನಾಲ್ಕು ಧ್ವನಿಕಥೆಗಳಿಗೆ ಅಷ್ಟು ಕಾಲ ಧಾರಾಳ. ಸಭೆ ಆರಂಭವಾಗುವುದು ಅವುಗಳಿಂದ. ದೀಪ, ಸ್ವಾಗತ, ಭಾಷಣ ಎಲ್ಲ ಆಮೇಲೆ, ಸಮಯ ಉಳಿದರೆ. ಕೇಳುವಾಗ ಅಧ್ಯಕ್ಷರು, ಅಭಿವೃದ್ಧಿ ಅಧಿಕಾರಿ, ಅರಣ್ಯ ಇಲಾಖೆಯವರು, ಮುಖ್ಯ ಶಿಕ್ಷಕರು ಹಾಗೂ ಪರಿಸರ ಸಂಘಟನೆಯ ಪದಾಧಿಕಾರಿಗಳು ವೇದಿಕೆಯಿಂದ ಇಳಿದು ಮಕ್ಕಳ ನಡುವೆ ಕೂರಬೇಕು. ಪ್ರತಿ ಕಥೆಗೂ ಉತ್ತರ ಯಾರು, ಎಷ್ಟು ದಿನದೊಳಗೆ ಕೊಡುತ್ತಾರೆ ಎಂಬುದು ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು. ಸಂಘಟನೆಯ ಮೇಲೆ ದೂರು ಬಂದಿದ್ದರೆ ಸಂಘಟನೆಯ ಉತ್ತರವೂ ಅದೇ ಪುಟದಲ್ಲಿ. ಮೂಲ ಮುದ್ರಿಕೆಯ ಒಂದು ಪ್ರತಿ ಹೇಳಿದ ಮಗುವಿನ ಬಳಿ, ಅದರ ಒಪ್ಪಿಗೆಯಿದ್ದರೆ ಇನ್ನೊಂದು ಊರಿನ ಗ್ರಂಥಾಲಯದಲ್ಲಿ. ಮುಂದಿನ ವರ್ಷದ ಸಭೆಯಲ್ಲಿ ಮೊದಲು ಓದಬೇಕಾದುದು ಆ ಹಳೆಯ ಪುಟವನ್ನು.